ಕೈ ನೋಡುತ್ತಿದ್ದ ಅಂಜುಬುರುಕ ಡಾಕ್ಟರು

ಅವರಷ್ಟು ಅಂಜುಬುರುಕ ಡಾಕ್ಟರನ್ನು ನಾನು ಬೇರೆಲ್ಲೂ ಕಂಡಿಲ್ಲ. ನಾಯಿಗೆ ಅಂಜುತ್ತಿದ್ದರು, ಹಲ್ಲಿಗೆ ಅಂಜುತ್ತಿದ್ದರು. ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಎದುರಿಗೆ ಬಂದರೆ ಕಾರಿನ ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡು ಕೂಡುತ್ತಿದ್ದರು. ಹೋದ ವಾರ ಬಸವನ ಬಾಗೇವಾಡಿಯ ತಮ್ಮ ಮನೆಯಲ್ಲಿ ಮಧ್ಯಾಹ್ನ ಉಂಡು, ಆರಾಮ ಕುರ್ಚಿಯಲ್ಲಿ ಒರಗಿದವರು ಮತ್ತೆ ಏಳಲಿಲ್ಲ. ನಾಯಿಯೂ ಅಲ್ಲ, ಟ್ರ್ಯಾಕ್ಟರೂ ಅಲ್ಲ, ಒಂದು ಕೋಳಿನಿದ್ದೆ ಅವರನ್ನು ಒಯ್ದಿತು. ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಹೆದರಿಕೆ. ಯಾಕೆ ಎಂದು ಹೇಳಬೇಕಾದರೆ ಅವರು ಎಂಥವರಿದ್ದರು ಎಂಬುದನ್ನೂ ಹೇಳಬೇಕು.

ನಾನು ಎಕ್ಸ್-ರೇ ಕೆಲಸ ಕಲಿತವಳು. ಮದುವೆಯಾದ ಮೇಲೆ ಇಂಡಿಗೆ ಬಂದು, ಮಗಳು ಕೈಗೆ ಬರುವ ತನಕ ಮನೆಯಲ್ಲೇ ಇದ್ದೆ. ಆಮೇಲೆ ನಮ್ಮ ಓಣಿಯ ಔಷಧ ಅಂಗಡಿಯವರು, ಬಾಗೇವಾಡಿಯ ಡಾಕ್ಟರೊಬ್ಬರಿಗೆ ಸಹಾಯಕ್ಕೆ ಹೆಣ್ಣುಮಗಳು ಬೇಕಂತೆ ಎಂದು ಹೇಳಿ ಕಳಿಸಿದರು. ಹೋದೆ. ಬೆಳ್ಳಗಿನ ಅಂಗಿ, ಹಣೆಯಲ್ಲಿ ಸಣ್ಣಗೆ ವಿಭೂತಿ, ಕೈಯಲ್ಲಿ ಮಡಚಿದ ಟವೆಲ್. ನನ್ನ ಸರ್ಟಿಫಿಕೇಟು ತೆರೆದೂ ನೋಡಲಿಲ್ಲ.

"ನಾಯಿಗೆ ಅಂಜ್ತೀ ಏನ್ ತಂಗಿ?" ಎಂದು ಕೇಳಿದರು.

"ಇಲ್ರಿ."

"ಹಂಗಾರ ನಾಳಿಯಿಂದ ಬಾ. ಮುದ್ದೇಬಿಹಾಳದಾಗ ನಮ್ಮ ಖೋಲಿ ಮುಂದ ಎರಡ ನಾಯಿ ಅದಾವ."

ಅವರ ವೃತ್ತಿ ಕೈ ನೋಡುವುದು. ಭವಿಷ್ಯ ಹೇಳುವುದಕ್ಕಲ್ಲ, ರೋಗ ಹೇಳುವುದಕ್ಕೆ. ಚರ್ಮ ಕೊಯ್ಯದೆ, ಸೂಜಿ ಚುಚ್ಚದೆ, ಬೆಳಕು ಮತ್ತು ಯಂತ್ರದಿಂದಲೇ ಕೈಯ ಚರ್ಮದಲ್ಲಿ, ಕೀಲಿನಲ್ಲಿ ಏನು ನಡೆದಿದೆ ಎಂದು ನೋಡುತ್ತಿದ್ದರು. ಸೋಮವಾರ ಇಂಡಿ, ಮಂಗಳವಾರ ಸಿಂದಗಿ, ಗುರುವಾರ ಮುದ್ದೇಬಿಹಾಳ, ಶನಿವಾರ ಸ್ವಂತ ಊರು ಬಾಗೇವಾಡಿ. ಮೊದಲ ಮೂರು ಊರುಗಳಲ್ಲಿ ಔಷಧ ಅಂಗಡಿಯ ಹಿಂದೊಂದು ಬಾಡಿಗೆ ಕೋಣೆ. ಅಲ್ಲಿಗೆ ಒಯ್ಯುತ್ತಿದ್ದದ್ದು ದೀಪವಿರುವ ಒಂದು ಭೂತಗನ್ನಡಿ ಮತ್ತು ಉಗುರಿನ ಬುಡವನ್ನು ನೂರಾರು ಪಟ್ಟು ದೊಡ್ಡದು ಮಾಡಿ ಲ್ಯಾಪ್‌ಟಾಪಿನಲ್ಲಿ ತೋರಿಸುವ ಸಣ್ಣ ಕ್ಯಾಮೆರಾ. ಇವೆರಡನ್ನೂ ಟವೆಲಿನಲ್ಲಿ ಸುತ್ತಿ, ಬಾಣಂತಿ ಕೂಸು ಹಿಡಿದಂತೆ ತೊಡೆಯ ಮೇಲೆ ಇಟ್ಟುಕೊಂಡು, "ಸಾವಕಾಶ... ಸಾವಕಾಶ ಹೊಡಿಯೋ ಮಾರಾಯಾ" ಎಂದು ಡ್ರೈವರನ ಜೀವ ಹಿಂಡುತ್ತಿದ್ದರು.

ಸೋನೋಗ್ರಫಿ ಯಂತ್ರ ಮಾತ್ರ ಬಾಗೇವಾಡಿಯಲ್ಲಿ ಇದ್ದಲ್ಲೇ ಇರುತ್ತಿತ್ತು. ಅದನ್ನು ಊರೂರು ತಿರುಗಿಸುವುದಕ್ಕೆ ಕಾನೂನು ಬಿಡುವುದಿಲ್ಲ. ಬೆರಳು, ಮಣಿಕಟ್ಟು ಬಿಟ್ಟು ಬೇರೇನನ್ನೂ ನೋಡದ ಆ ಕೋಣೆಯಲ್ಲಿ "ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ" ಎಂಬ ದೊಡ್ಡ ಫಲಕ ನೇತಾಡುತ್ತಿತ್ತು. ಒಮ್ಮೆ ಮನಗೂಳಿಯಿಂದ ತುಂಬು ಬಸುರಿಯೊಬ್ಬಳು ಹೆಬ್ಬೆರಳಿನ ಬುಡದ ನೋವಿಗೆ ಬಂದಳು. ಇವರು ಬಾಗಿಲು ಪೂರಾ ತೆರೆಸಿ, ಹೊರಗೆ ಕೂತ ನಾಲ್ಕು ಮಂದಿಯನ್ನು ಒಳಗೆ ಕರೆದು ಸಾಕ್ಷಿಗೆ ನಿಲ್ಲಿಸಿ, "ಎಲ್ಲಾರೂ ನೋಡ್ರೆಪಾ, ನಾ ಕೈ ಅಷ್ಟ ನೋಡಾಕತ್ತೇನಿ" ಎಂದು ಸಾರಿ ಸಾರಿ ಹೇಳಿ ಯಂತ್ರ ಹಿಡಿದರು. ಆ ಹೆಣ್ಣುಮಗಳು ನಕ್ಕು ನಕ್ಕು ನೋವು ಮರೆತಳು.

ಸೂಜಿಯಿಲ್ಲದ ಡಾಕ್ಟರೆಂದರೆ ನಮ್ಮ ಜನಕ್ಕೆ ಮೊದಮೊದಲು ನಂಬಿಕೆಯೇ ಬರಲಿಲ್ಲ. "ಒಂದ ಇಂಜೆಕ್ಷನ್ನರ ಮಾಡ್ರಿ ಸಾಹೇಬ್ರ, ಇಷ್ಟ ದೂರ ಬಂದೇವಿ" ಎನ್ನುವರು. ಸಿಂದಗಿಯ ಮುದುಕನೊಬ್ಬ ಮುಖಕ್ಕೆ ಹೊಡೆದಂತೆ ಕೇಳಿದ: "ಅಂಗೈ ಹುಣ್ಣಿಗೆ ಕನ್ನಡಿ ಯಾಕ್ ಬೇಕ್ರಿ?"

"ಹುಣ್ಣಿಗೆ ಬ್ಯಾಡ ಯಜಮಾನ, ಅದರ ಬುಡಕ್ಕ ಬೇಕು. ಬುಡ ನಿನಗೂ ಕಾಣೂದಿಲ್ಲ, ನನಗೂ ಕಾಣೂದಿಲ್ಲ. ಅದಕ್ಕ ನನಗ ಅಂಜಿಕಿ" ಎಂದರು ಇವರು.

ಕೈ ಮುಟ್ಟುವ ಮೊದಲು ನನಗೊಂದು ಕೆಲಸವಿತ್ತು. ಬಂದವರ ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿ ಒಂದಷ್ಟು ಹೊತ್ತು ಸುಮ್ಮನೆ ಕೂರಿಸುವುದು. ಮುತ್ತೈದೆಯರ ಹಸಿರು ಬಳೆ ಅಡ್ಡ ಬಂದರೆ ತೆಗೆಯಿರಿ ಎಂದು ಅವರು ಒಮ್ಮೆಯೂ ಹೇಳಲಿಲ್ಲ. ಬಳೆ ಒಡೆದೀತು, ಒಡೆದರೆ ಆಕೆಯ ಮನಸ್ಸು ಒಡೆದೀತು ಎಂಬ ಅಂಜಿಕೆ. ನಾನು ಸಾಬೂನು ನೊರೆ ಹಚ್ಚಿ ಬಳೆಗಳನ್ನು ಮೊಣಕೈ ಕಡೆಗೆ ಏರಿಸಿ ದಾರದಿಂದ ಕಟ್ಟಬೇಕು, ನೋಡಿ ಮುಗಿದ ಮೇಲೆ ಇಳಿಸಬೇಕು. ನೋವು ಒಂದೇ ಕೈಗಿದ್ದರೂ ಎರಡೂ ಕೈ ನೋಡುತ್ತಿದ್ದರು. ಎಡಗೈ ನೋಡಿ ಬಲಗೈಗೆ ಬಂದು, ಸಂಶಯದಿಂದ ಮತ್ತೆ ಎಡಗೈಗೆ ಹೋಗುವರು. ಆ ಹೊತ್ತಿಗೆ ಹಣೆಯ ಮೇಲೆ ಬೆವರು ಸಾಲುಗಟ್ಟಿರುತ್ತಿತ್ತು. "ಇದೇನ ಇದು... ತಂಗಿ, ದೀಪ ಇತ್ತ ಹಿಡಿ... ಅಯ್ಯಯ್ಯ, ಇದೇನ ಬ್ಯಾರೇನ ಕಾಣಾಕತ್ತೇತಲ್ಲ..." ಎಂದು ತಮ್ಮಷ್ಟಕ್ಕೆ ತಾವೇ ಗೊಣಗುವರು. ಎದುರಿಗೆ ಕೂತವರ ಪಾಡೇನು? ಅಂಜಿದವನ ಮೇಲೆ ಕಪ್ಪೆ ಎಸೆದಂತೆ. ಅರ್ಧ ಜನ ಅಲ್ಲೇ ಕಲಿಮಾ ಹೇಳಲು, ಉಳಿದರ್ಧ ಬಸವಣ್ಣನಿಗೆ ಹರಕೆ ಹೊರಲು ಶುರು ಮಾಡುತ್ತಿದ್ದರು. ಕೊನೆಗೆ ನೋಡಿದರೆ ಬರೀ ಹುಳುಕಡ್ಡಿ.

ನಮ್ಮ ಇಂಡಿಯ ಲಿಂಬೆಹಣ್ಣು ಅವರಿಗೆ ದೊಡ್ಡ ತಲೆಬೇನೆ. ಹಣ್ಣು ಆರಿಸುವ ಹೆಂಗಸರು ಕೈಗೆ ರಸ ಸಿಡಿದದ್ದನ್ನು ತೊಳೆಯದೆ ಬಿಸಿಲಲ್ಲಿ ನಿಂತರೆ ಆ ಜಾಗ ಸುಟ್ಟು ಗುಳ್ಳೆ ಏಳುತ್ತದೆ, ಆಮೇಲೆ ಕಪ್ಪು ಬರೆ ಉಳಿಯುತ್ತದೆ. ಅಂಥವರು ಕುಷ್ಠವೋ ಏನೋ ಎಂದು ಸೆರಗಿನಲ್ಲಿ ಕೈ ಮುಚ್ಚಿಕೊಂಡು ಬರುವರು. ಲಿಂಬೆ ಮುಳ್ಳಿನದು ಮತ್ತೊಂದು ಕತೆ. ತೋಟದವನೊಬ್ಬ ಬೆರಳು ಬದನೆಕಾಯಿಯಂತೆ ಊದಿಸಿಕೊಂಡು ಬಂದಿದ್ದ. ಎಕ್ಸ್-ರೇಯಲ್ಲಿ ಏನೂ ಇಲ್ಲ. ಎಲುಬಿಗೆ ಕ್ಷಯ ಇಳಿದಿದೆ, ಬೆರಳು ತೆಗೆಯಬೇಕಾದೀತು ಎಂದು ಯಾರೋ ಅವನ ತಲೆಗೆ ಹಾಕಿದ್ದರು. ಶನಿವಾರ ಬಾಗೇವಾಡಿಗೆ ಕರೆಸಿ ಸೋನೋಗ್ರಫಿಯಲ್ಲಿ ನೋಡುತ್ತಾ ನೋಡುತ್ತಾ ಡಾಕ್ಟರು ಕುರ್ಚಿಯಿಂದ ಜಿಗಿದೆದ್ದು, "ಮುಳ್ಳು! ಮುಳ್ಳ ಐತಿ ಒಳಗ!" ಎಂದು ಕೂಗಿದರು. ಕೀಲಿನ ಪಕ್ಕ ಬೆಳ್ಳಗೆ ಒಂದು ಗೆರೆ. ಎಕ್ಸ್-ರೇಗೆ ಮುಳ್ಳು ಕಾಣುವುದಿಲ್ಲ, ಈ ಯಂತ್ರಕ್ಕೆ ಕಂಡಿತು. ಆ ಮನುಷ್ಯ ಬೆರಳು ಉಳಿಯಿತೆಂದು ಅಳುತ್ತಿದ್ದರೆ ಇವರು ಟವೆಲಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಇನ್ನೊಂದು ಮುಳ್ಳು ಇರಬಹುದೇ ಎಂದು ಮತ್ತೆ ಹುಡುಕುತ್ತಿದ್ದರು.

ಶನಿವಾರ ಬಾಗೇವಾಡಿಗೆ ಬಂದ ಮಸೂತಿ ಊರಿನ ಅತ್ತೆ ಸೊಸೆಯನ್ನು ನಾನು ಮರೆಯಲಾರೆ. ಸೊಸೆಗೆ ಬೆಳಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಜೋಳದ ರೊಟ್ಟಿ ಬಡಿಯಲಾಗದ ಸೊಸೆ ನಮ್ಮ ಕಡೆ ಯಾವ ಲೆಕ್ಕಕ್ಕೂ ಇಲ್ಲ. "ಮೈಗಳ್ಳಿ ಅದಾಳ್ರಿ. ಮಧ್ಯಾಹ್ನ ಆದ್ರ ಕೈ ಛಲೋ ಆಗ್ತಾವ, ರೊಟ್ಟಿ ಹೊತ್ತಿಗೆ ಅಷ್ಟ ನೋವು" ಎಂದು ಅತ್ತೆ ದೂರಿದಳು. ಡಾಕ್ಟರು ಸೋನೋಗ್ರಫಿ ಯಂತ್ರ ಹಿಡಿದರು. ಬೂದುಬಣ್ಣದ ಪರದೆಯಲ್ಲಿ ಬೆರಳಿನ ಗೆಣ್ಣುಗಳ ಸುತ್ತ ಕೆಂಪು ಚುಕ್ಕಿಗಳು ಮಿಣುಕಿದವು. ರಕ್ತ ನುಗ್ಗಿ ಕೀಲು ಉರಿಯುತ್ತಿರುವ ಗುರುತು ಅದು. ಇವರ ಹಣೆಯ ಬೆವರು ಗಲ್ಲಕ್ಕೆ ಇಳಿಯಿತು. "ಯವ್ವಾ, ನೋಡಿಲ್ಲಿ, ಇಲ್ಲೆಲ್ಲಾ ಬೆಂಕಿ ಹತ್ತೇತಿ. ಇಂಥಾ ಕೈಲೆ ಇಷ್ಟ ದಿನ ಹ್ಯಾಂಗ ರೊಟ್ಟಿ ಬಡಿದಾಳ ಈಕಿ!" ಎಂದು ಅತ್ತೆಯ ಮುಖ ನೋಡಿದರು. ಅವರ ಭೀತಿ ಕಂಡು ಅತ್ತೆಗೂ ಭೀತಿ ಹತ್ತಿತು. ಅವತ್ತಿನಿಂದ ಆ ಮನೆಯಲ್ಲಿ ರೊಟ್ಟಿ ಬಡಿದದ್ದು ಅತ್ತೆಯೇ. ಔಷಧ ನಡೆಯಿತು, ಸೊಸೆಯ ಬೆರಳು ಮಡಚಿದವು. ಆಮೇಲೆ ಒಮ್ಮೆ ಇಬ್ಬರೂ ಸೇರಿ ಡಾಕ್ಟರಿಗೆ ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದಿದ್ದರು.

ಇಷ್ಟು ದಿನ ಅವರ ಅಂಜಿಕೆ ನನಗೆ ತಮಾಷೆಯಾಗಿತ್ತು. ಅದರ ಒಳಗೇನಿದೆ ಎಂದು ಗೊತ್ತಾದದ್ದು ಯಂಕಂಚಿಯ ಟೇಲರ್ ಬಂದಾಗ. ನಗುಮುಖದ ಮನುಷ್ಯ. ಹೆಬ್ಬೆರಳಿನ ಉಗುರಿನ ಕೆಳಗೆ ಕಪ್ಪು ಗೆರೆಯೊಂದಿತ್ತು. ಅಂಗಡಿಯ ಶಟರ್ ಬಡಿದು ರಕ್ತ ಹೆಪ್ಪುಗಟ್ಟಿದ್ದು ಎಂದುಕೊಂಡಿದ್ದ. ಡಾಕ್ಟರು ಭೂತಗನ್ನಡಿ ಇಟ್ಟು ಬಗ್ಗಿದರು. ನಾನು ಗೊಣಗಾಟಕ್ಕೆ ಕಾದೆ. ಬರಲಿಲ್ಲ. ಹಣೆ ಒಣಗಿತ್ತು. ಕನ್ನಡಿ ಕೆಳಗಿಟ್ಟು, ಕುರ್ಚಿಗೆ ಒರಗಿ, ನಾನೆಂದೂ ಕೇಳಿರದ ತಣ್ಣನೆಯ ದನಿಯಲ್ಲಿ, "ತಂಗಿ, ಟೇಲರ್‌ಗೆ ಚಾ ತರಸು" ಎಂದರು. ಅವನ ಮಕ್ಕಳೇನು ಓದುತ್ತಾರೆ, ಈಗ ಯಾವ ನಮೂನೆಯ ಅಂಗಿ ನಡೆಯುತ್ತದೆ ಎಂದೆಲ್ಲ ವಿಚಾರಿಸಿದರು. ಚಹಾ ಮುಗಿದ ಮೇಲೆ, ಇದು ಶಟರಿನ ಪೆಟ್ಟಲ್ಲ, ದೊಡ್ಡ ಆಸ್ಪತ್ರೆಗೆ ತಡಮಾಡದೆ ಹೋಗಬೇಕು ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. "ಇಂಥಾ ಡಾಕ್ಟರ್ ಎಲ್ಲಿ ಸಿಗತಾರವಾ, ಸ್ವಂತ ತಮ್ಮನ್ನ ಮಾತಾಡ್ಸಿದಂಗ ಮಾತಾಡ್ಸಿದ್ರು" ಎಂದು ಹೊರಗೆ ಬಂದು ಅವನು ನನಗೆ ಹೇಳಿದ. ಅವನು ಆ ವರ್ಷ ದಾಟಲಿಲ್ಲ. ಉಗುರಿನ ಕೆಳಗೆ ಹುಟ್ಟಿದ ಕ್ಯಾನ್ಸರು ಅಷ್ಟರಲ್ಲಾಗಲೇ ಬೇರೆ ಕಡೆ ಹರಡಿತ್ತು.

ಅಲ್ಲಿಂದ ನಾನು ಲಕ್ಷ್ಯವಿಟ್ಟು ನೋಡತೊಡಗಿದೆ. ಅವರು ಬೆವರಿದರೆ, ಗೊಣಗಿದರೆ, ಅದು ಔಷಧಕ್ಕೆ ಬಗ್ಗುವ ಬೇನೆ. ಬೆವರು ಆರಿ, ಮಾತು ಮೆತ್ತಗಾಗಿ, "ಚಾ ತರಸು" ಎಂದರೋ, ಕೂತವರ ಮನೆಗೆ ಕೇಡು ಬಂತೆಂದೇ ಅರ್ಥ. ಒಮ್ಮೆಯೂ ತಪ್ಪಲಿಲ್ಲ. ಚಹಾ ಹೇಳಿದ ದಿನ ನಾನು ಕೂತವರ ಮುಖ ನೋಡದೆ ಗ್ಲಾಸು ಇಟ್ಟು ಬರುತ್ತಿದ್ದೆ. ಅವರ ಅಂಜಿಕೆ ನಮಗೆಲ್ಲ ಒಂದು ನೆರಳು, ಅದು ಸರಿದರೆ ಬಿಸಿಲೇ ಎಂಬುದು ಆಗ ತಿಳಿಯಿತು.

ನನ್ನ ಮಗಳು ಮೆಹಂದಿ ಹಾಕುವವಳು. ಕಾಲೇಜು ಮುಗಿಸುವ ಮೊದಲೇ ಇಂಡಿ, ಸಿಂದಗಿಯ ಮದುವೆ ಮನೆಗಳಲ್ಲೆಲ್ಲ ಅವಳದೇ ಕೈ. ಹಿಂದೂ ಇರಲಿ, ಮುಸಲ್ಮಾನರಿರಲಿ, ಮದುಮಗಳ ಅಂಗೈಯಲ್ಲಿ ಅವಳು ಎಳೆದ ಬಳ್ಳಿ ಇಲ್ಲದೆ ಲಗ್ನವಿಲ್ಲ ಎನ್ನುವಷ್ಟು ಹೆಸರು. ಮೆಹಂದಿಯ ಕೋನ್‌ಗಳನ್ನು ಕೆಡದಂತೆ ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಒಂದು ಚಳಿಗಾಲದ ಬೆಳಗ್ಗೆ ತಣ್ಣನೆಯ ಕೋನ್ ಹಿಡಿದವಳ ಮೂರು ಬೆರಳು ಸುಣ್ಣದಂತೆ ಬೆಳ್ಳಗಾದವು. ನನ್ನ ಕಣ್ಣೆದುರೇ ಆ ಬಿಳುಪು ನೀಲಿಯಾಯಿತು, ಆಮೇಲೆ ಕೆಂಪಾಯಿತು.

"ಯಾವಾಗಿನಿಂದ ಹಿಂಗಾಗಾಕತ್ತೇತಿ?" ಎಂದೆ.

"ಹೋದ ವರ್ಷದಿಂದ ಅಮ್ಮಿ. ಜುಮುಜುಮು ಅಂತಾವ, ಮತ್ತ ಬಿಡತಾವ. ನೀ ಅಂಜತಿ ಅಂತ ಹೇಳಿಲ್ಲ."

ಥಂಡಿಗೆ ಹಾಗಾಗುವ ಬೆರಳುಗಳನ್ನು ನಾನು ಕೋಣೆಯಲ್ಲಿ ಬೇಕಾದಷ್ಟು ನೋಡಿದ್ದೆ. ಹೆಚ್ಚಿನವರಿಗೆ ಅದು ಬರೀ ಥಂಡಿಯ ತೊಂದರೆ. ಕೆಲವರಿಗೆ ಮಾತ್ರ ಒಳಗೆ ಬೇರೆ ರೋಗ ಹೊಂಚು ಹಾಕಿರುತ್ತದೆ. ಚರ್ಮ ಬರುಬರುತ್ತಾ ಚರ್ಮವಾದ್ಯದಂತೆ ಬಿಗಿಯುತ್ತದೆ, ಬೆರಳು ಮಡಚಿದಲ್ಲೇ ನಿಲ್ಲುತ್ತವೆ, ಉಸಿರಾಡುವ ಪುಪ್ಪುಸಕ್ಕೂ ಇಳಿಯಬಹುದು. ಯಾರಿಗೆ ಯಾವುದು ಎಂದು ತಿಳಿಯಬೇಕಾದರೆ ಉಗುರಿನ ಬುಡದ ಚರ್ಮಕ್ಕೆ ಒಂದು ಹನಿ ಎಣ್ಣೆ ಹಾಕಿ ಕ್ಯಾಮೆರಾ ಇಡಬೇಕು. ಅಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಬಿತ್ತಿದ ಸಾಲಿನ ಮೊಳಕೆಗಳ ಹಾಗೆ ಒತ್ತಾಗಿ ನಿಂತಿರುತ್ತವೆ. ಸಾಲು ನೆಟ್ಟಗಿದ್ದರೆ ಚಿಂತೆಯಿಲ್ಲ. ನಾಳ ಉಬ್ಬಿದ್ದರೆ, ಅಲ್ಲಲ್ಲಿ ಸಾಲು ಹಾರಿದ್ದರೆ, ಆ ಕೆಟ್ಟ ರೋಗ ಶುರುವಾಗಿದೆ ಎಂದರ್ಥ.

ಸೋಮವಾರ ಅವಳನ್ನು ಇಂಡಿಯ ಕೋಣೆಗೆ ಕರೆದುಕೊಂಡು ಹೋದೆ. ಡಾಕ್ಟರು ಕ್ಯಾಮೆರಾ ಇಟ್ಟರು. ಪರದೆಯ ತುಂಬ ಕಿತ್ತಳೆ ಕೆಂಪು. ಅವಳು ಪ್ರತಿ ಹೊಸ ಕೋನನ್ನು ಮೊದಲು ತನ್ನ ಬೆರಳ ತುದಿಗೇ ಹಚ್ಚಿ ನೋಡುತ್ತಿದ್ದಳು, ಉಗುರಿನ ಬುಡವೆಲ್ಲ ಬಣ್ಣ ಹೀರಿ ಕುಳಿತಿತ್ತು. ಬಣ್ಣದ ಆಚೆ ಒಂದು ನಾಳವೂ ಕಾಣಲಿಲ್ಲ.

"ಅಯ್ಯಯ್ಯ, ಇದೇನವಾ! ಏನೂ ಕಾಣವಲ್ದು. ಬಣ್ಣ ಹೋಗೂ ತನಕಾ ಕಾಯಬೇಕು ಮಗಳ. ಮೆಹಂದಿ ಮುಟ್ಟಬ್ಯಾಡ" ಎಂದು ಡಾಕ್ಟರು ಬೆವರತೊಡಗಿದರು. ಅವರ ಬೆವರು ಕಂಡು ನನಗೆ ಅಷ್ಟೇ ಸಮಾಧಾನ.

ಮದುವೆಗಳ ಹಂಗಾಮು. ಒಪ್ಪಿಕೊಂಡ ಮನೆಗಳಿಗೆಲ್ಲ ಇಲ್ಲ ಎಂದು ಹೇಳಿ ಅವಳು ಮುಖ ಉಬ್ಬಿಸಿಕೊಂಡು ಕೂತಳು. ನಾನು ದಿನವೂ ಅವಳ ಕೈ ಹಿಡಿದು ಬೆಳಕಿಗೆ ಒಡ್ಡುತ್ತಿದ್ದೆ. ಬಣ್ಣ ಹೋಗಲಿ ಎಂದು ಹಾರೈಸುತ್ತಿದ್ದೆ, ಹೋದರೆ ಏನು ಕಂಡೀತೋ ಎಂದು ಅಂಜುತ್ತಿದ್ದೆ. ಊಟಕ್ಕೆ ಕೂತರೆ ತುತ್ತು ಕಲಸುವ ಬೆರಳು ಸಲೀಸಾಗಿ ಬಾಗುತ್ತವೆಯೇ ಎಂದು ಕದ್ದು ನೋಡುವೆ. ಬಸ್ಸಿನಲ್ಲಿ ಪಕ್ಕದವರ ಕೈ ನೋಡುವೆ. ನಮಾಜಿಗೆ ಎತ್ತಿದ ನನ್ನ ಕೈಯೂ ಅವಳದೇ ಕೈಯಂತೆ ಕಾಣುವುದು. "ಅಮ್ಮಿ, ನನ್ನ ಮಾರಿ ಹೆಂಗೈತಿ ಅನ್ನೂದ ಮರತೀಯೇನ? ಬರೇ ಕೈ ನೋಡ್ತಿ" ಎಂದು ಅವಳು ಛೇಡಿಸಿದಳು.

ಅಷ್ಟರಲ್ಲಿ ಈ ಜಾಣೆ ಮಾಡಿದ್ದೇನು? ನಮ್ಮ ಊರಿನಲ್ಲಿ ಪಾತ್ರೆಯ ಕಲೆಯಿಂದ ಹಿಡಿದು ಬಟ್ಟೆಯ ಕಲೆಯವರೆಗೆ ಎಲ್ಲಕ್ಕೂ ಲಿಂಬೆಹಣ್ಣೇ ಮದ್ದು. ಕಾಯುವುದಕ್ಕೆ ಬೇಸತ್ತು, ನಾನು ಮುದ್ದೇಬಿಹಾಳಕ್ಕೆ ಹೋದ ದಿನ, ಲಿಂಬೆ ಹೋಳಿನಿಂದ ಎರಡೂ ಕೈಯ ಉಗುರಿನ ಬುಡವನ್ನು ತಿಕ್ಕಿ ತಿಕ್ಕಿ, ಬಣ್ಣ ಬೇಗ ಬಿಡಲೆಂದು ಮಾಳಿಗೆಯ ಮೇಲೆ ನಡುಮಧ್ಯಾಹ್ನದ ಬಿಸಿಲಲ್ಲಿ ಕೈ ಚಾಚಿ ಕೂತಿದ್ದಾಳೆ. ಮಾರನೆಯ ದಿನವೆಲ್ಲ ಉರಿ, ಅದರ ಮರುದಿನ ಉಗುರಿನ ಸುತ್ತ ನೀರುಗುಳ್ಳೆ. ನಾನು ಸಿಟ್ಟಿನಿಂದ ಕೂಗಾಡಿದೆ. ಲಿಂಬೆ ಬಿಸಿಲು ಸೇರಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಎಷ್ಟು ಸಲ ಹೇಳಿದ್ದೆ!

"ನನಗ ತಡಕೊಳ್ಳಾಕ ಆಗವಲ್ದು ಅಮ್ಮಿ. ಏನೈತಿ ಅದು ಒಮ್ಮಿಗೇ ಗೊತ್ತಾಗ್ಲಿ" ಎಂದು ಅವಳು ಗುಳ್ಳೆ ಎದ್ದ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅತ್ತಳು. ಇಷ್ಟು ದಿನ ಅಂಜುತ್ತಿದ್ದವಳು ನಾನೊಬ್ಬಳೇ ಅಲ್ಲ ಎಂದು ಅವತ್ತು ತಿಳಿಯಿತು.

ಸುಟ್ಟ ಚರ್ಮ ಸುಲಿದು ಹೊಸದು ಬರುವ ತನಕ ಮತ್ತೆ ಕಾಯಬೇಕಾಯಿತು. ಡಾಕ್ಟರು ವಾರಕ್ಕೊಮ್ಮೆ ನೋಡುತ್ತಾ, "ಲಿಂಬಿಹಣ್ಣ ತಿಕ್ಕಿದಿ? ಬಿಸಲಾಗ? ಯಪ್ಪಾ ಶಿವನೇ" ಎಂದು ಪ್ರತಿ ಸಲವೂ ಹೊಸದಾಗಿ ಗಾಬರಿಯಾಗುತ್ತಿದ್ದರು. ಕಡೆಗೆ ಬಣ್ಣವೂ ಗಾಯವೂ ಇಲ್ಲದ ತಿಳಿಯಾದ ಬೆರಳುಗಳೊಂದಿಗೆ ಅವಳು ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತಳು. ನಾನೇ ಅವಳ ಕೈಯನ್ನು ಬೆಚ್ಚಗಿನ ನೀರಿನಲ್ಲಿ ತೊಳೆದು ಒರೆಸಿದೆ. ನಾನೇ ಎಣ್ಣೆಯ ಹನಿ ಹಾಕಿದೆ. ಪರದೆ ನೋಡಬಾರದೆಂದು ಡಾಕ್ಟರ ಹಣೆಯನ್ನೇ ನೋಡುತ್ತಾ ನಿಂತೆ.

ಮೊದಲ ಬೆರಳಿಗೆ ಅವರು ಬೆವರಿದರು. "ಇದೇನ ಇದು" ಎಂದು ಗೊಣಗಿದರು. ನನಗೆ ಜೀವ ಬಂತು. ಎರಡನೆಯ ಬೆರಳಿಗೆ ಹೋದರು, ಹಿಂದಕ್ಕೆ ಬಂದರು. ಇನ್ನೊಂದು ಕೈ ತೆಗೆದುಕೊಂಡರು. ಗೊಣಗಾಟ ನಿಂತಿತು. ಟವೆಲ್ ತೆಗೆದು ಹಣೆ ಒರೆಸಿಕೊಂಡರು. ಒರೆಸಿದ ಹಣೆಯ ಮೇಲೆ ಮತ್ತೆ ಬೆವರು ಮೂಡಲಿಲ್ಲ. ಮೂಡಲಿ, ಯಾ ಅಲ್ಲಾಹ್, ಒಂದು ಹನಿಯಾದರೂ ಮೂಡಲಿ ಎಂದು ನಾನು ಬೇಡುತ್ತಲೇ ಇದ್ದೆ.

ಕ್ಯಾಮೆರಾ ಕೆಳಗಿಟ್ಟು ಅವರು ಕುರ್ಚಿಗೆ ಒರಗಿದರು. ನನ್ನ ಕಡೆ ನೋಡಲಿಲ್ಲ.

"ತಂಗಿ, ಮಗಳಿಗೆ ಚಾ ತರಸು."

ನಾನು ಹೊರಗೆ ಬಂದೆ. ಅಂಗಡಿ ಮುಂದೆ ಚಹಾ ಗಾಡಿಯವನು, "ಎಷ್ಟ ಕೊಡಲಿ ಅಕ್ಕಾ?" ಎಂದು ಕೇಳಿದ. ನಾನು ರಸ್ತೆ ನೋಡುತ್ತಾ ನಿಂತೆ. ಅವನು ಮತ್ತೆ ಕೇಳಿದ. ರಸ್ತೆಯಲ್ಲಿ ಲಿಂಬೆ ಚೀಲ ಹೇರಿದ ಗಾಡಿಗಳು ಹೋಗುತ್ತಿದ್ದವು, ಜನ ತಮ್ಮ ತಮ್ಮ ಕೆಲಸಕ್ಕೆ ಓಡಾಡುತ್ತಿದ್ದರು. ಈ ಚಹಾ ಒಳಗೆ ಒಯ್ಯದಿದ್ದರೆ ಏನೂ ಆಗುವುದಿಲ್ಲವೇನೋ, ಹೀಗೇ ಇಲ್ಲೇ ನಿಂತುಬಿಟ್ಟರಾಯಿತು ಎಂಬ ಹುಚ್ಚು ವಿಚಾರ ಬಂತು. ಅವನೇ ಗ್ಲಾಸು ನನ್ನ ಕೈಗೆ ತುರುಕಿದ. ಒಳಗೆ ಹೋದಾಗ ಡಾಕ್ಟರು ಮಗಳಿಗೆ, ನವಿಲಿನ ಚಿತ್ರ ಒಂದೇ ಎಳೆಯಲ್ಲಿ ಹೇಗೆ ಬಿಡುತ್ತೀ ಎಂದು ಕೇಳುತ್ತಿದ್ದರು. ಅವಳು ಗಾಳಿಯಲ್ಲಿ ಬೆರಳಾಡಿಸಿ ತೋರಿಸುತ್ತಿದ್ದಳು. ಚಹಾ ಕುಡಿಯುವ ತನಕ ನವಿಲಿನದೇ ಮಾತು. ಆಮೇಲೆ ಅವರು ಹೇಳಿದರು. ನಾಳಗಳು ಉಬ್ಬಿವೆ, ಅಲ್ಲಲ್ಲಿ ಸಾಲು ಹಾರಿದೆ. ರೋಗದ ಹೆಸರು ಇಂಥದ್ದು. ಬಿಜಾಪುರದಲ್ಲಿ ರಕ್ತ ತಪಾಸಣೆ, ಎದೆಯ ತಪಾಸಣೆ ಆಗಬೇಕು, ಗುಳಿಗೆ ಶುರುವಾಗಬೇಕು, ಆರಾರು ತಿಂಗಳಿಗೆ ನೋಡುತ್ತಿರಬೇಕು. ಮಗಳು ನೆಟ್ಟಗೆ ಕೂತು ಕೇಳಿದಳು. ಮೆಹಂದಿ ಹಾಕಬಹುದೇ ಎಂದಷ್ಟೇ ಕೇಳಿದಳು. "ಹಾಕವಾ. ಕೋನ್ ಅಷ್ಟ ಥಂಡಿ ಇರಬಾರದು" ಎಂದರು.

ಅವಳನ್ನು ಬಾಕಿನ ಮೇಲೆ ಕೂರಿಸಿ ನಾನು ಮುಖ ತೊಳೆಯಲೆಂದು ಹಿತ್ತಲಿಗೆ ಹೋದೆ. ನೀರಿನ ಟಾಕಿಯ ಹಿಂದೆ ಡಾಕ್ಟರು ಗೋಡೆಗೆ ಕೈಕೊಟ್ಟು ನಿಂತಿದ್ದರು. ಅಂಗಿ ಬೆನ್ನಿಗೆ ಅಂಟುವಷ್ಟು ಬೆವತಿದ್ದರು. ಟವೆಲನ್ನು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅಳುತ್ತಿದ್ದರು. ಟೇಲರ್ ಬಂದ ದಿನವೂ, ಉಳಿದವರು ಚಹಾ ಕುಡಿದ ದಿನಗಳಲ್ಲೂ ಅವರು ಹೀಗೇ ಹಿತ್ತಲಿಗೆ ಬಂದಿರಬೇಕು. ನಾನು ಗ್ಲಾಸು ತೊಳೆಯುವ ಗಡಿಬಿಡಿಯಲ್ಲಿ ಎಂದೂ ಇತ್ತ ಬಂದಿರಲಿಲ್ಲ.

"ನೀ ಇಲ್ಲಿ ಬರಬಾರದಿತ್ತು ತಂಗಿ" ಎಂದರು.

"ಖರೇ ಹೇಳ್ರಿ ಸಾಹೇಬ್ರ. ನನ್ನ ಮಗಳು ಉಳಿತಾಳೇನ್ರಿ?"

"ಬ್ಯಾನಿ ಕೆಟ್ಟದ್ದ ಐತಿ. ಸುಳ್ಳ ಹೇಳೂದಿಲ್ಲ. ಆದ್ರ ಭಾಳ ಲಗೂ ಕಂಡೇತಿ, ಕೈ ಇನ್ನಾ ಮೆತ್ತಗ ಅದಾವ. ಪುಪ್ಪುಸಕ್ಕ ಇಳೀದಂಗ ಕಾಯಬೇಕು. ಕಾಯಾಕ ಬರ್ತೈತಿ."

"ನನಗ ಭಾಳ ಅಂಜಿಕಿ ಆಗಾಕತ್ತೇತ್ರಿ. ಈಕೀನ ಕರಕೊಂಡು ಹ್ಯಾಂಗ ಮನಿಗೆ ಹೋಗ್ಲಿ?"

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಬೆವರಿನಿಂದ ಒದ್ದೆಯಾಗಿತ್ತು.

"ನೀ ಅಂಜಬ್ಯಾಡ. ತಾಯಿ ಅಂಜಿದ್ರ ಹುಡುಗಿ ಕುಸೀತಾಳ. ಆಕೀಗೆ ಹೊಟ್ಟಿತುಂಬ ಉಣ್ಣಾಕ ಹಾಕು, ಕೈ ಬೆಚ್ಚಗ ಇಡು, ನಕ್ಕೋತ ಇರು. ಅಂಜೂ ಕೆಲಸ ನನಗ ಬಿಡು. ಅದೊಂದ ಕೆಲಸ ನನಗ ಛಲೋ ಬರ್ತೈತಿ."

ಹೇಳಿದಂತೆ ನಡೆದುಕೊಂಡರು. ಥಂಡಿ ಬಿದ್ದ ಬೆಳಗ್ಗೆ ಎಲ್ಲರಿಗಿಂತ ಮೊದಲು ಅವರ ಫೋನು: "ಕೈಗವಸ ಹಾಕ್ಯಾಳೇನ? ಮಾಳಗಿ ಮೆಟ್ಟಲಾ ಹತ್ತಿದ್ರ ದಮ್ಮ ಬರ್ತೈತೇನ? ಕೆಮ್ಮ ಐತೇನ?" ಸೊಲ್ಲಾಪುರಕ್ಕೆ ಹೋದಾಗ ಉಣ್ಣೆಯ ಕೈಗವಸು ತಂದರು. ಗುಳಿಗೆ ಬದಲಾದರೆ ಬಿಜಾಪುರದ ಡಾಕ್ಟರಿಗೆ ಫೋನು ಹಚ್ಚಿ ಅವರ ತಲೆ ತಿನ್ನುವರು. ಆರು ತಿಂಗಳಿಗೊಮ್ಮೆ ಮಗಳು ಸ್ಟೂಲಿನ ಮೇಲೆ ಕೂತಾಗ ನಾನು ಅವರ ಹಣೆ ನೋಡುವೆ. ಬೆವರು ದಳದಳ ಇಳಿಯುವುದು, "ಅಯ್ಯಯ್ಯ, ಇದೇನ" ಎನ್ನುವರು. ನಾನು ಮನಸ್ಸಿನಲ್ಲೇ ಅಲ್ಲಾಹನಿಗೆ ಶುಕ್ರ್ ಹೇಳಿಕೊಂಡು ಮುಂದಿನ ರೋಗಿಯ ಬಳೆ ಏರಿಸಲು ಹೋಗುವೆ. ರೋಗ ಇದ್ದಲ್ಲೇ ಇತ್ತು. ಮಗಳು ಮದುವೆ ಮನೆಗಳಿಗೆ ಹೋಗತೊಡಗಿದಳು. ನಾನು ನಿಜವಾಗಿಯೂ ಅಂಜದೆ ಬದುಕಿದೆ. ನನ್ನ ಪಾಲಿನದನ್ನು ಇನ್ನೊಬ್ಬರು ಹೊತ್ತಿದ್ದರು, ಅದರ ಭಾರ ನನಗೆ ಗೊತ್ತೇ ಆಗಲಿಲ್ಲ.

ಹೋದ ವಾರ ನಾವಿಬ್ಬರೂ ಬಾಗೇವಾಡಿಗೆ ಹೋದೆವು. ಲಿಂಗಾಯತರ ಪದ್ಧತಿಯಂತೆ ಅವರನ್ನು ಕೂರಿಸಿದ್ದರು. ಹಣೆ ತುಂಬ ವಿಭೂತಿ, ಎಡಗೈಯಲ್ಲಿ ಲಿಂಗ. ಮಸೂತಿಯ ಅತ್ತೆ ಸೊಸೆ ಒಂದು ಮೂಲೆಯಲ್ಲಿ ನಿಂತು ಅಳುತ್ತಿದ್ದರು. ಜನ ಸಾಲಾಗಿ ಬಂದು ಕೈ ಮುಗಿದು ಹೋಗುತ್ತಿದ್ದರು, ಅದರಲ್ಲಿ ಎಷ್ಟೋ ಕೈಗಳು ನನಗೆ ಗುರುತಿನವು. ಮಗಳು ಬಹಳ ಹೊತ್ತು ಅವರ ಎದುರು ನಿಂತಿದ್ದಳು.

ಮನೆಗೆ ಬಂದು ಸ್ನಾನ ಮುಗಿಸಿ ಅಡುಗೆಮನೆಯಲ್ಲಿ ಕೂತಾಗ ಅವಳು ಕೇಳಿದಳು:

"ಅಮ್ಮಿ, ಮುಂದಿನ ತಿಂಗಳ ನನ್ನ ಕೈ ಯಾರ ನೋಡತಾರ?"

"ಬಿಜಾಪುರದಾಗ ಹೊಸಾ ಡಾಕ್ಟರ್ ಬಂದಾರಂತ. ಭಾಳ ಧೈರ್ಯದವರಂತ."

ಅವಳು ತನ್ನ ಬೆರಳುಗಳನ್ನು ಮಡಚಿ ಬಿಡಿಸಿದಳು. ಆಮೇಲೆ ನನ್ನ ಮುಖ ನೋಡಿ, "ನಿನಗ ಅಂಜಿಕಿ ಆಗಾಕತ್ತೇತೇನ?" ಎಂದು ಕೇಳಿದಳು.

ಇಷ್ಟು ವರ್ಷ ಈ ಮಾತಿಗೆ ನಾನು ಇಲ್ಲ ಎಂದೇ ಹೇಳುತ್ತಾ ಬಂದಿದ್ದೆ, ಅದು ಸುಳ್ಳೂ ಆಗಿರಲಿಲ್ಲ.

"ಹೂಂ ಬೇಟಾ" ಎಂದೆ. "ಇವತ್ತಿನಿಂದ."